ಮೂವತ್ತು ಜನ ಸಾಕೇ?



ಅನ್ನ ಬೆಂದಿದೆಯೇ ಎಂದು ನೋಡಲು ಇಡೀ ಪಾತ್ರೆ ಕೆದಕಬೇಕಾಗಿಲ್ಲ, ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಅಡುಗೆಮನೆಯಲ್ಲಿ ಆ ಮಾತು ಸರಿಯೇ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಸಂಶೋಧನೆಗೆ ಹೊಸದಾಗಿ ಕಾಲಿಟ್ಟವರು ಇದೇ ನಂಬಿಕೆಯನ್ನು ಪೈಲಟ್ ಅಧ್ಯಯನಕ್ಕೂ ತಂದುಬಿಡುತ್ತಾರೆ. ದೊಡ್ಡ ಅಧ್ಯಯನಕ್ಕೆ ಮೊದಲು ಮೂವತ್ತು ಜನರ ಮೇಲೆ ಚಿಕ್ಕದೊಂದು ಮಾಡಿ ನೋಡೋಣ, ಅದರಲ್ಲಿ ಗುಣ ಕಂಡರೆ ಮುಂದುವರಿಯೋಣ, ಕಾಣದಿದ್ದರೆ ಕೈಬಿಡೋಣ ಎಂಬ ಲೆಕ್ಕಾಚಾರ. ಜನರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮದ್ದು ಫಲಿಸುತ್ತದೋ ಇಲ್ಲವೋ ಎಂದು ಹೇಳುವ ಶಕ್ತಿ ಪೈಲಟ್ ಅಧ್ಯಯನಕ್ಕೆ ಇಲ್ಲವೇ ಇಲ್ಲ. ಅದು ಹೇಳಬಲ್ಲದ್ದು ಇಷ್ಟು: ಆ ದೊಡ್ಡ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮ ಕೈಯಿಂದ, ನಾವಿರುವ ಊರಿನಲ್ಲಿ, ನಮಗೆ ಸಿಕ್ಕಿರುವ ದುಡ್ಡು ಮತ್ತು ಸಮಯದಲ್ಲಿ ಆದೀತೇ, ಆಗದೇ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಉದಾಹರಣೆಗಳನ್ನು ಒಮಾನಿನಿಂದ ತೆಗೆದುಕೊಳ್ಳುತ್ತೇನೆ. ಕೆಲವು ವರ್ಷ ಮಸ್ಕತ್ತಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಮಂಗಳೂರಿನಿಂದ ವಿಮಾನ ಹತ್ತಿದರೆ ಸುಮಾರು ಮೂರು ಗಂಟೆಯ ದಾರಿ. 2020ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ 44.7 ಲಕ್ಷ, ಅದರಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ನಮ್ಮಂತೆ ಹೊರಗಿನಿಂದ ಹೋದವರು. ಆಸ್ಪತ್ರೆಗಳಲ್ಲಿ ಉಡುಪಿ, ಪುತ್ತೂರು, ಹುಬ್ಬಳ್ಳಿ ಕಡೆಯ ನರ್ಸ್‌ಗಳು, ಫಿಸಿಯೋಥೆರಪಿಯವರು, ಲ್ಯಾಬಿನವರು ಕಾಣಸಿಗುತ್ತಾರೆ. ದೇಶದ ಮೊದಲ ವಿಶ್ವವಿದ್ಯಾಲಯ, ಅಲ್ ಖೌದ್‌ನಲ್ಲಿರುವ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ, ಬಾಗಿಲು ತೆರೆದದ್ದು 1986ರಲ್ಲಿ. ಸಂಶೋಧನೆಗೆ ದುಡ್ಡು ಕೊಡಲೆಂದೇ ಒಂದು ಮಂಡಳಿ ಬಂದದ್ದು 2005ರಲ್ಲಿ. ಅಂದರೆ ಅಲ್ಲಿ ಸಂಶೋಧನೆ ಮಾಡುವವರಲ್ಲಿ ಬಹುಪಾಲು ಮಂದಿ ತಮ್ಮ ವಿಷಯದಲ್ಲಿ ತಮ್ಮ ಊರಿನ ಮೊದಲಿಗರು. ಹಿಂದಿನವರು ಮಾಡಿಟ್ಟ ದಾರಿ ಇಲ್ಲದ ಕಡೆ ಪೈಲಟ್ ಅಧ್ಯಯನದ ಬೆಲೆ ಗೊತ್ತಾಗುತ್ತದೆ.

ಕುಂದಾಪುರದ ಕಡೆಯ ನರ್ಸ್ ಒಬ್ಬರು ಒಮ್ಮೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಸಕ್ಕರೆ ಕಾಯಿಲೆಯವರಿಗೆ ಪಾದದ ಆರೈಕೆ ಕಲಿಸುವ ಒಂದು ಕಾರ್ಯಕ್ರಮ ಅವರ ಮನಸ್ಸಿನಲ್ಲಿತ್ತು. ಕೂತವರೇ ಕೇಳಿದರು: “ಸರ್, ಪೈಲಟ್‌ಗೆ ಮೂವತ್ತ್ ಜನ ಸಾಕಲ್ದಾ?”

“ಯಾವುದಕ್ಕೆ ಸಾಕು ಮಾರಾಯ್ತಿ?” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೈಡ್ ಮೂವತ್ತು ಅಂದ್ರು” ಎಂದರು.

ಮೂವತ್ತು ಎಂಬ ಸಂಖ್ಯೆ ಗಾಳಿಯಲ್ಲಿ ಬಂದದ್ದಲ್ಲ, ಪುಸ್ತಕಗಳಲ್ಲಿದೆ. ಬೇರೆ ಸಂಖ್ಯೆಗಳೂ ಇವೆ. ಗುಂಪಿಗೆ 12 ಜನ ಎಂದು 2005ರಲ್ಲಿ ಸ್ಟೀವನ್ ಜೂಲಿಯಸ್ ಬರೆದರು. ಅಳತೆಯ ಏರಿಳಿತ ಎಷ್ಟೆಂದು ಅಂದಾಜು ಮಾಡಬೇಕಾದರೆ ಎರಡೂ ಗುಂಪು ಸೇರಿ ಕನಿಷ್ಠ 70 ಬೇಕು ಎಂದು 2014ರಲ್ಲಿ ಡಾನ್ ಟೇರ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಎಲ್ಲವೂ ಒಂದೊಂದು ಪ್ರಶ್ನೆಗೆ ಉತ್ತರ. ಪ್ರಶ್ನೆಯನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಎತ್ತಿಕೊಂಡು ಬಂದರೆ ಉಪಯೋಗವಿಲ್ಲ.

ಆ ನರ್ಸಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮೂವತ್ತು ರೋಗಿಗಳನ್ನು ಸೇರಿಸಿಕೊಂಡರು, ಮೂರು ತಿಂಗಳ ನಂತರದ ತಪಾಸಣೆಗೆ ಇಪ್ಪತ್ತು ಜನ ವಾಪಸ್ ಬಂದರು ಎಂದಿಟ್ಟುಕೊಳ್ಳೋಣ. ಮೂರರಲ್ಲಿ ಎರಡು ಪಾಲು, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮೂವತ್ತರಲ್ಲಿ ಇಪ್ಪತ್ತು ಎಂಬುದರ ಹಿಂದೆ ಇರುವ ನಿಜವಾದ ಪ್ರಮಾಣ 100ಕ್ಕೆ 49 ಇರಬಹುದು, 81 ಕೂಡ ಇರಬಹುದು. ಅಷ್ಟು ಅಗಲದ ಮಂಜು ಅದು. ನೂರಕ್ಕೆ 81 ಮಂದಿ ಬರುತ್ತಾರೆಂದರೆ ಅಧ್ಯಯನ ಧೈರ್ಯವಾಗಿ ಮಾಡಬಹುದು. 49 ಮಂದಿ ಎಂದರೆ ಮಾಡದಿರುವುದೇ ಕ್ಷೇಮ. ಈ ಎರಡನ್ನು ಬೇರೆ ಮಾಡಿ ತೋರಿಸಲಾಗದ ಪೈಲಟ್‌ನಿಂದ ಏನು ನಿರ್ಧರಿಸುತ್ತೀರಿ?

ಇನ್ನೊಂದು ಲೆಕ್ಕ, ಇದನ್ನು ನಾನು ಎಲ್ಲರಿಗೂ ಬರೆದಿಟ್ಟುಕೊಳ್ಳಲು ಹೇಳುತ್ತಿದ್ದೆ. ಹತ್ತು ಜನರಲ್ಲಿ ಒಬ್ಬರಿಗೆ ಬರುವಂಥ ಒಂದು ತೊಡಕು ಇದೆ ಎನ್ನಿ: ಒಂದು ಪ್ರಶ್ನೆ ಅರ್ಥವಾಗದಿರುವುದು, ಒಂದು ಉಪಕರಣ ಕೆಲಸ ಮಾಡದಿರುವುದು, ಇಂಥದ್ದು. ಅದು ಪೈಲಟ್‌ನಲ್ಲಿ ಒಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ ಎಂದು ನೂರಕ್ಕೆ 95ರಷ್ಟು ಭರವಸೆ ಬೇಕಿದ್ದರೆ 29 ಜನ ಬೇಕು. ಇಪ್ಪತ್ತು ಜನರಲ್ಲಿ ಒಬ್ಬರಿಗೆ ಬರುವ ತೊಡಕಾದರೆ 59 ಜನ. ಮೂವತ್ತು ಜನ ಸಾಕೇ ಎಂಬ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ಸಿಕ್ಕಿತು: ಎದ್ದು ಕಾಣುವ ತೊಡಕು ಹಿಡಿಯಲು ಸಾಕು, ಅಪರೂಪದ್ದಕ್ಕೆ ಸಾಲದು.

ಮದ್ದಿನ ಗುಣ ಅಳೆಯುವುದಕ್ಕಂತೂ ಖಂಡಿತ ಸಾಲದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರ ವರ್ಷಗಳು ಹಾಳಾಗುವುದು ಇಲ್ಲಿಯೇ. ಗುಂಪಿಗೆ ಹದಿನೈದರಂತೆ ಮೂವತ್ತು ಜನರ ಮೇಲೆ ಪೈಲಟ್ ಮಾಡಿದಿರಿ. ಅದೃಷ್ಟಕ್ಕೆ ದೊಡ್ಡ ಗುಣ ಕಂಡಿತು. ಆ ಗುಣವನ್ನೇ ನಂಬಿ ಲೆಕ್ಕ ಹಾಕಿದರೆ ಮುಖ್ಯ ಅಧ್ಯಯನಕ್ಕೆ ಗುಂಪಿಗೆ 17 ಜನ ಸಾಕು ಎಂದು ಬರುತ್ತದೆ. ನಿಜವಾದ ಗುಣ ಅದರ ಅರ್ಧ ಇದ್ದರೆ ಬೇಕಾಗುವುದು ಗುಂಪಿಗೆ 64. 64 ಬೇಕಾದಲ್ಲಿ 17 ಜನರನ್ನು ಇಟ್ಟುಕೊಂಡು ಹೊರಟ ಅಧ್ಯಯನ ಮೂರರಲ್ಲಿ ಎರಡು ಸಲಕ್ಕೂ ಹೆಚ್ಚು ‘ಏನೂ ಗುಣವಿಲ್ಲ’ ಎಂದೇ ಮುಗಿಯುತ್ತದೆ. ಪೈಲಟ್‌ನಲ್ಲಿ ಗುಣ ಕಾಣದವರು ಅಲ್ಲಿಗೇ ನಿಲ್ಲಿಸುತ್ತಾರೆ, ಅತಿಯಾಗಿ ಕಂಡವರು ಮಾತ್ರ ಮುಂದುವರಿಯುತ್ತಾರೆ. ಹಾಗಾಗಿ ಮುಂದುವರಿದ ಅಧ್ಯಯನಗಳೆಲ್ಲ ಉಬ್ಬಿದ ಅಂದಾಜಿನ ಮೇಲೆ ನಿಂತಿರುತ್ತವೆ. ಸ್ಟ್ಯಾನ್‌ಫರ್ಡ್‌ನ ಹೆಲೆನಾ ಕ್ರೇಮರ್ 2006ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಆದರೂ ಇವತ್ತಿಗೂ ಗ್ರಾಂಟ್ ಅರ್ಜಿಗಳಲ್ಲಿ ‘ನಮ್ಮ ಪೈಲಟ್‌ನಲ್ಲಿ ಕಂಡ ಪರಿಣಾಮದ ಆಧಾರದಿಂದ’ ಎಂಬ ಸಾಲು ಸರಾಗವಾಗಿ ಬರುತ್ತಲೇ ಇದೆ. ಅರ್ಜಿ ನೋಡುವವರು ಕೂಡ ಅದನ್ನೇ ಕೇಳುತ್ತಾರೆ. ಹುಡುಗರದಷ್ಟೇ ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಹಾಗಾದರೆ ಸರಿಯಾಗಿ ಮಾಡಿದವರು ಹೇಗೆ ಮಾಡಿದರು? ಮಸ್ಕತ್ತಿನದೇ ಒಂದು ಸಂಗತಿ ಹೇಳುತ್ತೇನೆ. ಒಮಾನಿನಲ್ಲಿ ಸಕ್ಕರೆ ಕಾಯಿಲೆ ನಮ್ಮ ಊರುಗಳಂತೆಯೇ ಹಬ್ಬಿದೆ. 2017ರ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ನೂರಕ್ಕೆ 15ಕ್ಕೂ ಹೆಚ್ಚು ಮಂದಿಗೆ ಇದೆ ಎಂದಿತು. ನಡೆಯಿರಿ, ಓಡಾಡಿ ಎಂದು ವೈದ್ಯರು ಹೇಳುತ್ತಾರೆ; ರೋಗಿಗಳು ತಲೆ ಆಡಿಸಿ ಮನೆಗೆ ಹೋಗುತ್ತಾರೆ. ಥಮ್ರಾ ಅಲ್ ಗಾಫ್ರಿ ಎಂಬ ಒಮಾನಿ ವೈದ್ಯೆ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಇದನ್ನೇ ವಿಷಯವಾಗಿ ತೆಗೆದುಕೊಂಡರು. ಆರೋಗ್ಯ ಕೇಂದ್ರದಲ್ಲಿಯೇ ಒಬ್ಬರು ಕೂತು ಮಾತನಾಡಿ, ಹೆಜ್ಜೆ ಎಣಿಸುವ ಪೆಡೋಮೀಟರ್ ಕೊಟ್ಟು, ವಾಟ್ಸಾಪಿನಲ್ಲಿ ಹುರಿದುಂಬಿಸುತ್ತಿದ್ದರೆ ಜನ ಹೆಚ್ಚು ನಡೆಯುತ್ತಾರೆಯೇ ಎಂಬುದು ಪ್ರಶ್ನೆ. ‘ಮೂವ್‌ಡಯಾಬಿಟಿಸ್’ ಎಂದು ಅದಕ್ಕೆ ಹೆಸರಿಟ್ಟರು.

ನನಗೆ ಮೆಚ್ಚುಗೆಯಾದದ್ದು ಅದಕ್ಕಿಂತ ಮುಂಚೆ ಮಾಡಿಕೊಂಡ ಕೆಲಸ. ಮೊದಲು ಮಸ್ಕತ್ತಿನ 17 ಆರೋಗ್ಯ ಕೇಂದ್ರಗಳಲ್ಲಿ 305 ರೋಗಿಗಳನ್ನು ಕೇಳಿದರು: ನೀವು ಯಾಕೆ ನಡೆಯುವುದಿಲ್ಲ? ಬಿಸಿಲು ಎಂಬ ಉತ್ತರವೇ ಮೊದಲು ಬರುತ್ತದೆ ಎಂದು ಹೊರಗಿನವರಾದ ನಾವು ಊಹಿಸುತ್ತೇವೆ. ಎಲ್ಲಕ್ಕಿಂತ ಮೇಲೆ ಬಂದದ್ದು ಮನಸ್ಸಿನ ಗಟ್ಟಿತನ ಸಾಲದು ಎಂಬುದು. ನೂರಕ್ಕೆ 44 ಮಂದಿ ಹಾಗೆಂದರು. ಅದರ ಹಿಂದೆ ಅನುಕೂಲವಿಲ್ಲ, ಜೊತೆ ಕೊಡುವವರಿಲ್ಲ ಎಂಬ ಕಾರಣಗಳು. ಆಮೇಲೆ ಕಾರ್ಯಕ್ರಮ ನಡೆಸಬೇಕಾದ ಸಿಬ್ಬಂದಿಯನ್ನೂ ಕೇಳಿದರು. ಇಷ್ಟೆಲ್ಲ ಆದ ಮೇಲೆಯೇ 8 ಆರೋಗ್ಯ ಕೇಂದ್ರಗಳಲ್ಲಿ 232 ಜನರ ಅಧ್ಯಯನಕ್ಕೆ ಕೈಹಾಕಿದ್ದು. ಬಿಸಿಲೇ ಅಡ್ಡಿ ಎಂದುಕೊಂಡು ಜಿಮ್ ಪಾಸ್ ಹಂಚಿದ್ದರೆ ದುಡ್ಡು ಹೋಗುತ್ತಿತ್ತು.

ಹನ್ನೆರಡು ತಿಂಗಳ ಕೊನೆಗೆ ಉಳಿದವರು ನೂರಕ್ಕೆ 75. ಕಾರ್ಯಕ್ರಮ ಸಿಕ್ಕ ಕೇಂದ್ರಗಳವರು ಅದು ಸಿಗದ ಕೇಂದ್ರಗಳವರಿಗಿಂತ ಹೆಚ್ಚು ಚಟುವಟಿಕೆಯಿಂದಿದ್ದರು. ಅದು ಆ ಅಧ್ಯಯನದ ಫಲ. ನಾಳೆ ಮಸ್ಕತ್ತಿನಲ್ಲಿ ಇಂಥದ್ದೇ ಕೆಲಸಕ್ಕೆ ಹೊರಡುವವರಿಗೆ ಮಾತ್ರ 75 ಎಂಬ ಸಂಖ್ಯೆಯೇ ಚಿನ್ನ. ಕೊನೆಗೆ 200 ಜನ ಬೇಕಿದ್ದರೆ ಆರಂಭದಲ್ಲಿ 267 ಜನರನ್ನು ಸೇರಿಸಿಕೊಳ್ಳಬೇಕು ಎಂದು ಅದು ಹೇಳುತ್ತದೆ.

ಆದರೆ ಒಂದು ಎಚ್ಚರ. ಒಂದೇ ಆರೋಗ್ಯ ಕೇಂದ್ರಕ್ಕೆ ಬರುವವರು ಒಬ್ಬರಿಗೊಬ್ಬರು ಸ್ವಲ್ಪ ಹೋಲುತ್ತಾರೆ. ಒಂದೇ ಬಡಾವಣೆ, ಒಂದೇ ವೈದ್ಯರು, ಹಲವು ಸಲ ಒಂದೇ ಕುಟುಂಬ. ಹೋಲಿಕೆ ನೂರಕ್ಕೆ ಮೂರರಷ್ಟು ಎಂದಿಟ್ಟುಕೊಂಡರೂ, ಕೇಂದ್ರಕ್ಕೆ 29ರಂತೆ 232 ಜನ ಸಂಖ್ಯಾಶಾಸ್ತ್ರದ ತಕ್ಕಡಿಯಲ್ಲಿ ಸುಮಾರು 126 ಜನರಷ್ಟೇ ತೂಗುತ್ತಾರೆ. ಈ ಹೋಲಿಕೆ ಎಷ್ಟಿದೆ ಎಂದು ಎರಡೇ ಕೇಂದ್ರಗಳ ಪೈಲಟ್‌ನಿಂದ ತಿಳಿಯುವುದು ಅಸಾಧ್ಯ. ಬೇರೆಯವರು ಪ್ರಕಟಿಸಿದ ಅಂಕಿ ಹುಡುಕಿ ತನ್ನಿ, ಪೈಲಟ್‌ನಿಂದ ಹಿಂಡಲು ಹೋಗಬೇಡಿ.

ಜನ ಆಯಿತು. ಅಳೆಯುವ ಸಾಧನದ ಮಾತಿಗೆ ಬರೋಣ. ಸಕ್ಕರೆ ಕಾಯಿಲೆಯ ಅಧ್ಯಯನವೆಂದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಇದ್ದೇ ಇರುತ್ತದೆ. ಕೆಂಪು ರಕ್ತಕಣ ಸುಮಾರು ನಾಲ್ಕು ತಿಂಗಳು ಬದುಕುತ್ತದೆ, ಅಷ್ಟು ದಿನ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ ಎಂಬ ಲೆಕ್ಕದ ಮೇಲೆ ಆ ಪರೀಕ್ಷೆ ನಿಂತಿದೆ. ಕಣ ಬೇಗ ಸತ್ತರೆ? ಸಕ್ಕರೆ ಅಂಟಲು ಸಮಯ ಸಿಗುವುದಿಲ್ಲ, ಸಂಖ್ಯೆ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಒಮಾನಿನಲ್ಲಿ ಐದು ವರ್ಷದೊಳಗಿನ ಮಕ್ಕಳ ರಾಷ್ಟ್ರೀಯ ಸಮೀಕ್ಷೆಯೊಂದು ನಡೆದಾಗ ಗಂಡುಮಕ್ಕಳಲ್ಲಿ ಸುಮಾರು ಕಾಲುಭಾಗಕ್ಕೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಕಂಡುಬಂತು. ಈ ಕೊರತೆಯುಳ್ಳವರ ಕೆಂಪುಕಣಗಳಿಗೆ ಆಯುಸ್ಸು ಕಡಿಮೆ. ಸಿಕಲ್‌ಸೆಲ್ ಲಕ್ಷಣವನ್ನು ಹೊತ್ತವರೂ ನೂರಕ್ಕೆ ಆರರಷ್ಟಿದ್ದರು. ಕೆಲವು ಯಂತ್ರಗಳಲ್ಲಿ ಅದೂ ಸಂಖ್ಯೆಯನ್ನು ಕೆಡಿಸುತ್ತದೆ.

ಯುರೋಪಿನ ಪ್ರೊಟೊಕಾಲನ್ನು ಹಾಗೆಯೇ ಇಳಿಸಿಕೊಂಡು ಗಂಡಸರ ಎಚ್‌ಬಿಎ1ಸಿ ಅಳೆಯುತ್ತಾ ಹೋದರೆ ಆಗುವುದೇನು ಎಂದು ಯೋಚಿಸಿ. ಚಿಕಿತ್ಸೆ ಬೇಕಾದವರು ಸಕ್ಕರೆ ಹತೋಟಿಯಲ್ಲಿದೆ ಎಂಬ ಪಟ್ಟಿಗೆ ಸೇರಿ ಹೊರಗುಳಿಯುತ್ತಾರೆ. ಇಂಥದ್ದನ್ನು ಹಿಡಿಯಬೇಕಾದ್ದೇ ಪೈಲಟ್. ಹತ್ತಾರು ಜನರಲ್ಲಿ ಎಚ್‌ಬಿಎ1ಸಿಯನ್ನೂ ಬೆರಳ ತುದಿಯ ಸಕ್ಕರೆಯ ದಿನಚರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಹೊಂದದವರ ಜಿ6ಪಿಡಿ ಪರೀಕ್ಷಿಸಿದರೆ ಸಾಧನದ ಹಣೆಬರಹ ಗೊತ್ತಾಗುತ್ತದೆ. ನಮ್ಮಲ್ಲಿಯೂ ಎಚ್.ಡಿ. ಕೋಟೆ, ಚಾಮರಾಜನಗರದ ಹಾಡಿಗಳಲ್ಲಿ ಸಿಕಲ್‌ಸೆಲ್ ಇದೆ. ಅಲ್ಲಿ ಕೆಲಸ ಮಾಡುವ ನಮ್ಮ ಹುಡುಗರೂ ಇದನ್ನು ಕಿವಿಗೆ ಹಾಕಿಕೊಳ್ಳಬೇಕು.

ಪೆಡೋಮೀಟರನ್ನೇ ನೋಡಿ. ಸೊಂಟದ ಪಟ್ಟಿಗೆ ಸಿಕ್ಕಿಸುವ ಸಣ್ಣ ಡಬ್ಬಿ ಅದು. ಒಮಾನಿ ಗಂಡಸರು ತೊಡುವ ದಿಶ್‌ದಾಶಾ ಕೊರಳಿನಿಂದ ಹಿಮ್ಮಡಿಯವರೆಗೆ ಇಳಿಬಿದ್ದ ನಿಲುವಂಗಿ, ಅದಕ್ಕೆ ಬೆಲ್ಟ್ ಇಲ್ಲ. ಒಳಗೆ ಸುತ್ತಿಕೊಳ್ಳುವ ವಿಜಾರ್ ಎಂಬ ಪಂಚೆ ಇದೆ, ನಮ್ಮ ಲುಂಗಿಯಂಥದ್ದು. ಡಬ್ಬಿಯನ್ನು ಅದಕ್ಕೆ ಸಿಕ್ಕಿಸಬೇಕು. ನಡೆಯುವಾಗ ವಿಜಾರ್ ಸಡಿಲವಾದರೆ ಡಬ್ಬಿ ವಾಲುತ್ತದೆ, ವಾಲಿದರೆ ಕೆಲವು ಮಾದರಿಗಳು ಹೆಜ್ಜೆ ಎಣಿಸುವುದನ್ನು ನಿಲ್ಲಿಸುತ್ತವೆ. ನಮಾಜಿಗೆ ಮುಂಚೆ ಕೈಕಾಲು ತೊಳೆಯುವಾಗ ತೆಗೆದಿಟ್ಟವರು ಮತ್ತೆ ಸಿಕ್ಕಿಸಿಕೊಂಡರೋ ಇಲ್ಲವೋ. ಇದು ಯಾವ ಪಠ್ಯಪುಸ್ತಕದಲ್ಲೂ ಸಿಗದ ಮಾಹಿತಿ. ಹತ್ತು ಜನಕ್ಕೆ ಒಂದು ವಾರ ಕೊಟ್ಟು, ಸಂಜೆ ಹೊತ್ತು ಅವರೊಡನೆ ಕಹ್ವಾ ಎಂಬ ಅಲ್ಲಿಯ ಕಾಫಿ ಕುಡಿಯುತ್ತಾ ‘ಎಲ್ಲಿ ಸಿಕ್ಕಿಸಿದಿರಿ, ಎಷ್ಟು ಸಲ ಬಿಚ್ಚಿದಿರಿ’ ಎಂದು ಕೇಳಿದರೆ ಸಿಗುತ್ತದೆ. ಖರ್ಜೂರ, ಕಹ್ವಾ ಇಲ್ಲದೆ ಒಮಾನಿನಲ್ಲಿ ಯಾವ ಸಂದರ್ಶನವೂ ಆರಂಭವಾಗದು. ಬಜೆಟ್ಟಿನಲ್ಲಿ ಅದಕ್ಕೂ ಒಂದು ಸಾಲು ಇಡಿ ಎಂದು ನಾನು ತಮಾಷೆಗೇನೂ ಹೇಳುತ್ತಿರಲಿಲ್ಲ.

ಭಾಷೆ ಇನ್ನೊಂದು. ಪ್ರಶ್ನಾವಳಿಯನ್ನು ಅರಬ್ಬಿಗೆ ಮಾಡಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಮಸ್ಕತ್ತಿನ ಹಲವು ಮನೆಗಳ ಮಾತು ಬಲೂಚಿ. ಜಂಜಿಬಾರಿನಿಂದ ಮರಳಿದ ಕುಟುಂಬಗಳ ಹಿರಿಯರಿಗೆ ಸ್ವಾಹಿಲಿ ಹತ್ತಿರ. ದಕ್ಷಿಣದ ಧೋಫಾರ್ ಬೆಟ್ಟಗಳಲ್ಲಿ ಜಿಬ್ಬಾಲಿ. ಕಟ್ಟಡ ಕೆಲಸದವರಲ್ಲಿ ಬಂಗಾಳಿ, ಹಿಂದಿ, ಮಲಯಾಳ. ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಓಡಾಡುವ ಮಂಗಳೂರಿನವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಕ್ಯಾಲೆಂಡರ್ ಕೂಡ ಅಧ್ಯಯನದ ಭಾಗವೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಅಲ್ಲಿಯ ಸರ್ಕಾರ ನಿಷೇಧಿಸಿದೆ. ಅಂಥ ಬಿಸಿಲಿನಲ್ಲಿ ನಡಿಗೆಯ ಅಧ್ಯಯನ ಎಂದರೆ ಮಾಲ್‌ಗಳ ಒಳಗಿನ ನಡಿಗೆ. ರಂಜಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ತಿಂಗಳು ಊಟ, ನಿದ್ದೆ, ಮಾತ್ರೆ ಎಲ್ಲ ಬೇರೆ. ನವೆಂಬರಿನ ಹಿತವಾದ ಹವೆಯಲ್ಲಿ ಆರು ವಾರ ಪೈಲಟ್ ಮಾಡಿ, ಅದರ ಬಲದಿಂದ ವರ್ಷವಿಡೀ ನಡೆಯುವ ಅಧ್ಯಯನಕ್ಕೆ ಸಹಿ ಹಾಕಿದವರನ್ನು ನೋಡಿದ್ದೇನೆ. ಮೇ ತಿಂಗಳಿಗೆ ರೋಗಿಗಳ ಫೋನ್ ಸ್ವಿಚ್ ಆಫ್.

ಈಗ ಆಸ್ಪತ್ರೆಯಿಂದ ಹೊರಗೆ ಹೋಗೋಣ. ಒಮಾನಿನ ದಕ್ಷಿಣದ ಮರುಭೂಮಿಯಲ್ಲಿ ಅಮಲ್ ಎಂಬ ತೈಲಕ್ಷೇತ್ರವಿದೆ. ಅಲ್ಲಿಯ ಎಣ್ಣೆ ಗಟ್ಟಿ, ಬಿಸಿ ಹಬೆ ನೆಲದೊಳಗೆ ತಳ್ಳಿದರೆ ಮಾತ್ರ ಸಡಿಲಗೊಂಡು ಮೇಲೆ ಬರುತ್ತದೆ. ಹಬೆಗೆ ನೈಸರ್ಗಿಕ ಅನಿಲ ಸುಡಬೇಕು. ಅನಿಲದ ಬದಲು ಬಿಸಿಲನ್ನೇ ಏಕೆ ಬಳಸಬಾರದು ಎಂದು ಪೆಟ್ರೋಲಿಯಂ ಡೆವಲಪ್‌ಮೆಂಟ್ ಒಮಾನ್ ಮತ್ತು ಗ್ಲಾಸ್‌ಪಾಯಿಂಟ್ ಎಂಬ ಅಮೆರಿಕದ ಕಂಪನಿ ಸೇರಿ ಯೋಚಿಸಿದವು. ಕನ್ನಡಿಗಳಿಂದ ಬಿಸಿಲನ್ನು ಕೊಳವೆಗೆ ಕೂಡಿಸಿ ನೀರು ಕುದಿಸುವುದು ಹಳೆಯ ವಿದ್ಯೆ. ಮರುಭೂಮಿಯ ಸಮಸ್ಯೆ ಧೂಳು. ಆದ್ದರಿಂದ ಕನ್ನಡಿಗಳನ್ನು ಗಾಜಿನ ಮನೆಯೊಳಗೆ ತೂಗುಹಾಕಿ, ಚಾವಣಿಯನ್ನು ಯಂತ್ರದಿಂದ ತೊಳೆಯುವ ಏರ್ಪಾಟು ಮಾಡಿದರು. ಸುಮಾರು ನಾಲ್ಕು ಎಕರೆಯ, 7 ಮೆಗಾವಾಟ್ ಶಾಖದ ಈ ಪೈಲಟ್ ಘಟಕ 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ ಸರಾಸರಿ 50 ಟನ್ ಹಬೆ.

ಆ ಪೈಲಟ್ ಕೇಳಿದ ಪ್ರಶ್ನೆಗಳು ಚೊಕ್ಕವಾಗಿದ್ದವು. ಮರಳ ಬಿರುಗಾಳಿ ಬಂದಾಗ ಹಬೆ ಎಷ್ಟು ಕುಸಿಯುತ್ತದೆ? ತೊಳೆಯುವ ಯಂತ್ರಕ್ಕೆ ಧೂಳಿನ ಜೊತೆ ಓಡಲು ಆಗುತ್ತದೆಯೇ? ಈಗಿರುವ ಕೊಳವೆಗಳಿಗೆ ಈ ಹಬೆ ಹೊಂದುತ್ತದೆಯೇ? ಎಲ್ಲಕ್ಕೂ ಒಳ್ಳೆಯ ಉತ್ತರವೇ ಬಂತು. 2015ರ ಜುಲೈಯಲ್ಲಿ ‘ಮಿರಾಹ್’ ಎಂಬ ಹೆಸರಿನ 1,021 ಮೆಗಾವಾಟ್ ಯೋಜನೆ ಘೋಷಣೆಯಾಯಿತು, ಪೈಲಟ್‌ನ ಸುಮಾರು 146 ಪಟ್ಟು. 2017ರಲ್ಲಿ ಮೊದಲ ಹಬೆ ಹರಿಯಿತು. ಹಂತಹಂತವಾಗಿ ಕಟ್ಟುತ್ತಿರುವಾಗಲೇ, ತೈಲದ ಬೆಲೆ ನೆಲಕಚ್ಚಿದ 2020ರಲ್ಲಿ, ಗ್ಲಾಸ್‌ಪಾಯಿಂಟ್ ಬಾಗಿಲು ಹಾಕಿತು. ಮುಂದೆ ಅದು ಬೇರೆ ರೂಪದಲ್ಲಿ ಎದ್ದು ಬಂದದ್ದು ಇನ್ನೊಂದು ಕಥೆ.

ಇದರಿಂದ ಪೈಲಟ್ ವ್ಯರ್ಥ ಎಂದು ತೀರ್ಮಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಧೂಳಿನ ಪ್ರಶ್ನೆಗೆ ಅದು ಕೊಟ್ಟ ಉತ್ತರ 2020ರಲ್ಲೂ ಸರಿಯಾಗಿಯೇ ಇತ್ತು. ನಾಲ್ಕು ಎಕರೆಯ ಗಾಜಿನ ಮನೆ ಹತ್ತು ವರ್ಷದ ಬಂಡವಾಳದ ಬಗ್ಗೆ ಏನನ್ನೂ ಹೇಳಲಾರದು, ಹೇಳುತ್ತೇನೆಂದು ಅದು ಒಪ್ಪಿಕೊಂಡೂ ಇರಲಿಲ್ಲ. ಹೊಸ ಸಂಶೋಧಕರು ತಮ್ಮ ಪ್ರಸ್ತಾವದಲ್ಲಿ ‘ಈ ಪೈಲಟ್‌ನಿಂದ ಇವು ಗೊತ್ತಾಗುವುದಿಲ್ಲ’ ಎಂದು ನಾಲ್ಕು ಸಾಲು ಬರೆದರೆ ಓದುವವರಿಗೆ ಅವರ ಮೇಲೆ ನಂಬಿಕೆ ಹೆಚ್ಚುತ್ತದೆ.

ಉತ್ತರದ ಹಜರ್ ಪರ್ವತಗಳಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಗಾಳಿಗೆ ವಿದ್ಯುದಾವೇಶದ ಕಣಗಳನ್ನು ಬಿಟ್ಟರೆ ಮಳೆ ಹೆಚ್ಚುತ್ತದೆ ಎನ್ನುವುದು ಆಸ್ಟ್ರೇಲಿಯದ ಕಂಪನಿಯೊಂದರ ವಾದ. ಅದರ ಹಿಂದಿನ ವಿಜ್ಞಾನವನ್ನು ಒಪ್ಪದ ಹವಾಮಾನ ತಜ್ಞರು ಬಹಳ ಮಂದಿ, ನನಗೂ ಅನುಮಾನವಿದೆ. ಆದರೆ ವಿನ್ಯಾಸ ನೋಡಿ. 2013ರಲ್ಲಿ ಬೆರಳೆಣಿಕೆಯ ಯಂತ್ರಗಳಿಂದ ಆರಂಭಿಸಿದರು, ವರ್ಷ ಕಳೆದಂತೆ ಹೆಚ್ಚಿಸಿದರು, 2018ರವರೆಗೆ ನಡೆಸಿದರು. ಯಾವ ದಿನ ಯಾವ ಯಂತ್ರ ಚಾಲೂ, ಯಾವುದು ಬಂದ್ ಎಂಬುದನ್ನು ಮೊದಲೇ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿಗದಿ ಮಾಡಿಟ್ಟಿದ್ದರು. ಮೋಡ ಕಂಡ ದಿನ ಚಾಲೂ ಮಾಡಿ ‘ನೋಡಿ ಮಳೆ ಬಂತು’ ಎನ್ನುವ ಚಪಲಕ್ಕೆ ಅಲ್ಲಿ ಜಾಗವಿಲ್ಲ. ಸಣ್ಣದಾಗಿ ಆರಂಭಿಸುವಾಗಲೇ ಈ ಶಿಸ್ತು ಅಭ್ಯಾಸವಾಗಬೇಕು. ದೊಡ್ಡದಾದ ಮೇಲೆ ತರುತ್ತೇನೆ ಎಂದರೆ ಬರುವುದಿಲ್ಲ.

ಚಿಕ್ಕ ಪ್ರಶ್ನೆಗಳಿಂದ ಆರಂಭಿಸುವ ಶಿಸ್ತಿಗೆ ಮಸ್ಕತ್ತಿಗೂ ನಮಗೂ ಇರುವ ಹಳೆಯ ನಂಟಿನಲ್ಲೂ ಒಂದು ಉದಾಹರಣೆ ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು; ಕರಾವಳಿಯ ಅಕ್ಕಿ, ಮೆಣಸು, ಗಂಧ ಅಲ್ಲಿಗೆ ಹೋಗುತ್ತಿತ್ತು. ಕೋಠಿಯ ದಾರೋಗನಿಗೆ ಟಿಪ್ಪು ಬರೆಸಿದ ಕಾಗದಗಳಲ್ಲಿ ರೇಷ್ಮೆಹುಳುಗಳನ್ನೂ ಅವನ್ನು ಸಾಕಬಲ್ಲವರನ್ನೂ ಕಳಿಸುವಂತೆ ಅಪ್ಪಣೆ ಇದೆ. ಬಂಗಾಳಕ್ಕೂ ಬುರ್ಹಾನುದ್ದೀನ್, ಕಸ್ತೂರಿ ರಂಗ ಎಂಬ ಇಬ್ಬರನ್ನು ಇದೇ ಕೆಲಸಕ್ಕೆ ಕಳಿಸಿದ್ದ. ಅವರು ಮರಳುವ ಹೊತ್ತಿಗೆ, 1786ರಲ್ಲಿ, ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಒಂದು ಪತ್ರ ಹೋಯಿತು. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ ಟಿಪ್ಪುವಿನ ಪತ್ರಗಳ ಸಂಪುಟದಲ್ಲಿ ಅದನ್ನು ಓದಬಹುದು. ಬಂದ ಹುಳುಗಳೆಷ್ಟು, ಅವನ್ನು ಎಂಥ ಜಾಗದಲ್ಲಿ ಇಡಬೇಕೆಂದು ತಂದವರು ಹೇಳುತ್ತಾರೆ, ಹಿಪ್ಪುನೇರಳೆ ಎಲೆ ಒದಗಿಸಿ, ಸಂತತಿ ಹೆಚ್ಚಿಸುವ ಬಗೆ ಏನು, ತಿಳಿಸಿ ಎಂಬ ಧಾಟಿಯ ಪತ್ರ. ರೇಷ್ಮೆಯಿಂದ ಬೊಕ್ಕಸಕ್ಕೆ ಎಷ್ಟು ವರಹ ಬರುತ್ತದೆ ಎಂಬ ಪ್ರಶ್ನೆ ಅದರಲ್ಲಿಲ್ಲ. ಹುಳು ಬದುಕುತ್ತದೋ, ತಿನ್ನುತ್ತದೋ, ಮರಿ ಮಾಡುತ್ತದೋ ಎಂಬುದು ಮೊದಲು. ಅರಸನಿಗೆ ಆತುರ ಕಡಿಮೆ ಇತ್ತೆಂದಲ್ಲ, ಆತನ ಪತ್ರಗಳನ್ನು ಓದಿದವರಿಗೆ ಅದು ಗೊತ್ತು. ಆದರೂ ಪ್ರಶ್ನೆಗಳ ಸರದಿ ತಪ್ಪಿರಲಿಲ್ಲ.

ಇನ್ನು ಕೆಲಸದ ಮಾತು. ಪೈಲಟ್ ಆರಂಭಿಸುವ ಮುಂಚೆಯೇ ಎಲ್ಲಿ ನಿಲ್ಲಬೇಕು ಎಂದು ಬರೆದಿಡಿ. ರಸ್ತೆಯ ಸಿಗ್ನಲ್ ದೀಪದ ಬಣ್ಣಗಳಲ್ಲಿ ಇದನ್ನು ಬರೆಯುವ ರೂಢಿ ಬಂದಿದೆ. ಕುಂದಾಪುರದ ಆ ನರ್ಸಿಗೆ ನಾವು ಕೂತು ಬರೆದದ್ದು ಹೀಗಿತ್ತು: ಮೂರು ತಿಂಗಳಿಗೆ ನೂರಕ್ಕೆ 70ಕ್ಕಿಂತ ಹೆಚ್ಚು ಜನ ವಾಪಸ್ ಬಂದರೆ ಹಸಿರು, ಹೀಗೆಯೇ ಮುಂದೆ. 50ರಿಂದ 70 ಆದರೆ ಹಳದಿ, ಫೋನ್ ಮಾಡಿ ನೆನಪಿಸುವುದೋ, ಬಸ್ಸಿನ ಖರ್ಚು ಕೊಡುವುದೋ ಮಾಡಿ ತಿದ್ದಬೇಕು. 50ಕ್ಕಿಂತ ಕೆಳಗೆ ಕೆಂಪು, ಈ ರೂಪದಲ್ಲಿ ಅಧ್ಯಯನ ಬೇಡ. ಸಂಖ್ಯೆಗಳ ಬಗ್ಗೆ ಜಗಳವಾಡಬಹುದು, ಆಡಬೇಕು ಕೂಡ. ಆದರೆ ಆ ಜಗಳ ಡೇಟಾ ಬರುವ ಮುಂಚೆ ಮುಗಿಯಬೇಕು. ಬಂದ ಮೇಲೆ 48ನ್ನೂ ಹಳದಿ ಎನ್ನುವ ಬುದ್ಧಿ ಯಾರಿಗಾದರೂ ಬರುತ್ತದೆ, ಥೀಸಿಸ್‌ನ ಗಡುವು ಹತ್ತಿರವಿದ್ದರಂತೂ ಕೇಳುವುದೇ ಬೇಡ. ಕೊನೆಗೆ ಆ ನರ್ಸ್ ಅರವತ್ತು ಜನರನ್ನು ಸೇರಿಸಿಕೊಳ್ಳುವುದೆಂದು ಗಟ್ಟಿಮಾಡಿಕೊಂಡರು. ಗೈಡ್‌ಗೆ ವಿವರಿಸುವ ಕೆಲಸವೂ ಅವರದೇ ಆಯಿತು.

ಪೈಲಟ್‌ನಲ್ಲಿದ್ದವರನ್ನು ಮುಖ್ಯ ಅಧ್ಯಯನಕ್ಕೂ ಲೆಕ್ಕ ಹಿಡಿಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಪೈಲಟ್ ಮುಗಿದ ಮೇಲೆ ಪ್ರಶ್ನಾವಳಿ, ಚಿಕಿತ್ಸೆ, ಅಳತೆ ಯಾವುದನ್ನೂ ಬದಲಿಸದೆ ಮುಂದುವರಿಸುತ್ತೇನೆಂದು ಮೊದಲೇ ಬರೆದಿದ್ದರೆ ಹಿಡಿಯಬಹುದು. ಬದಲಿಸಿದರೆ ಕೂಡದು. ಚಿಕ್ಕದು ತಾನೇ ಎಂದು ಎಥಿಕ್ಸ್ ಕಮಿಟಿಯನ್ನು ತಪ್ಪಿಸಿಕೊಳ್ಳುವುದೂ ಕೂಡದು. ಒಪ್ಪಿಗೆ ಪತ್ರದಲ್ಲಿ ಇದು ಪೈಲಟ್ ಎಂದು ಬಾಯಿಬಿಟ್ಟು ಹೇಳಿರಬೇಕು. ಚಿಕಿತ್ಸೆಯ ಪರೀಕ್ಷೆಯಾದರೆ ನೋಂದಣಿ ಬೇಕು. ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ 2007ರಿಂದ ಇದೆ, ಅಲ್ಲಿ ನೋಂದಾಯಿಸಲು ದುಡ್ಡು ಕೊಡಬೇಕಾಗಿಲ್ಲ.

ಬರೆಯುವಾಗ ಶೀರ್ಷಿಕೆಯಲ್ಲಿಯೇ ಪೈಲಟ್ ಎಂಬ ಪದ ಇರಲಿ. 2016ರಲ್ಲಿ ಬಂದ ಕಾನ್ಸಾರ್ಟ್ ವಿಸ್ತರಣೆ, ಅಂದರೆ ಪೈಲಟ್ ಪರೀಕ್ಷೆಗಳನ್ನು ಹೇಗೆ ವರದಿ ಮಾಡಬೇಕು ಎಂಬ ಅಂತರರಾಷ್ಟ್ರೀಯ ಪಟ್ಟಿ, ಇದನ್ನು ಕೇಳುತ್ತದೆ. ಮುಂದುವರಿಯಲು ಮೊದಲೇ ಇಟ್ಟುಕೊಂಡ ಮಾನದಂಡವನ್ನೂ ಕೇಳುತ್ತದೆ. ಪೈಲಟ್ ಅಧ್ಯಯನಗಳಿಗೆಂದೇ 2015ರಿಂದ ಒಂದು ಪತ್ರಿಕೆ ಬರುತ್ತಿದೆ, ಕೆಂಪು ದೀಪ ಕಂಡು ನಿಲ್ಲಿಸಿದ ಕೆಲಸವನ್ನೂ ಅದು ಪ್ರಕಟಿಸುತ್ತದೆ. ಕಳಿಸುವಾಗ ಪಿ ವ್ಯಾಲ್ಯೂಗಳ ಕೋಷ್ಟಕವನ್ನು ಕಿತ್ತುಹಾಕಿ. ಆ ಜಾಗದಲ್ಲಿ ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಒಲ್ಲೆ ಎಂದರು, ಯಾಕೆ ಎಂದರು, ಎಷ್ಟು ಜನ ನಡುವೆ ಬಿಟ್ಟುಹೋದರು, ಡಬ್ಬಿಯನ್ನು ಎಲ್ಲಿ ಸಿಕ್ಕಿಸಿಕೊಂಡರು ಎಂಬುದನ್ನು ಹಾಕಿ. ನಿಮ್ಮ ನಂತರ ಅದೇ ಊರಿಗೆ ಬರುವವರು ಮೊದಲು ಹುಡುಕುವುದು ಆ ಕೋಷ್ಟಕವನ್ನೇ.